ಜಗಳ ಕಹಿಯೋ, ಘಾಟೋ, ಕಮಟೋ? ತಕ್ಕ ಇಂಗ್ಲಿಷ್ ಪದ ಆರಿಸುವುದು ಹೀಗೆ

ಹಾಸನದಲ್ಲಿ ನಮ್ಮ ಬೀದಿಯವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬೇಕಾದರೆ ನಮ್ಮ ಮನೆಗೆ ಬರುತ್ತಾರೆ. ಮೇಷ್ಟ್ರು ಅನ್ನೋ ಸಲುಗೆ. ಒಂದು ಸಲ ಸಕಲೇಶಪುರದ ಕಡೆ ತೋಟ ಇರುವ ಯಜಮಾನರೊಬ್ಬರು ಬಂದರು. ಅಣ್ಣ ತಮ್ಮಂದಿರಿಗೆ ಪಾಲಾಗಿದೆ. ಬೇಲಿ ಸಾಲಿನ ಸಿಲ್ವರ್ ಮರಗಳು ಯಾರಿಗೆ ಅನ್ನುವುದೊಂದು ಇತ್ಯರ್ಥ ಆಗಿಲ್ಲ. ಅದಕ್ಕೊಂದು ಪತ್ರ ಬೇಕು. ನಾನು ಸ್ವಲ್ಪ ಗತ್ತು ಇರಲಿ ಅಂತ 'ಮೈ ಎಸ್ಟ್ರೇಂಜ್ಡ್ ಬ್ರದರ್' ಎಂದು ಬರೆದುಕೊಟ್ಟೆ. ಪತ್ರದ ನಕಲು ತಮ್ಮನ ಮನೆಗೂ ಹೋಯಿತು. ಅವರ ಮಗಳು ಓದಿ ಅರ್ಥ ಹೇಳಿದಳು. ಮಾರನೇ ದಿನ ಬೆಳಿಗ್ಗೆ ಆ ತಮ್ಮ ನಮ್ಮ ಜಗಲಿ ಮೇಲೆ ಕೂತಿದ್ದರು.

"ಮೊನ್ನೆ ಪಿತೃಪಕ್ಷಕ್ಕೆ ಅಣ್ಣನ ಮನೇಲೇ ಎಡೆ ಇಟ್ಟು ಒಟ್ಟಿಗೆ ಊಟ ಮಾಡಿದೀವಿ ಮೇಷ್ಟ್ರೇ. ನಾನ್ಯಾವಾಗ ಹೊರಗಿನವನಾದೆ?"

ಉತ್ತರ ಇರಲಿಲ್ಲ. 'ಎಸ್ಟ್ರೇಂಜ್ಡ್' ಪದವೂ 'ಸ್ಟ್ರೇಂಜರ್' ಪದವೂ ಒಂದೇ ಬಳಗ. ಒಂದು ಕಾಲಕ್ಕೆ ನಮ್ಮವರಾಗಿದ್ದು, ಈಗ ಗುರುತೇ ಇಲ್ಲದವರ ಹಾಗೆ ದೂರವಾದವರಿಗೆ ಹೇಳುವ ಮಾತು ಅದು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ತಮ್ಮನಿಗೆ ಅಂಟಿಸುವ ಪದ ಅಲ್ಲ. ಆವತ್ತಿನಿಂದ ಜಗಳದ ವಿಷಯ ಇಂಗ್ಲಿಷಿನಲ್ಲಿ ಬರೆಯುವಾಗ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ.

ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ

ನಿಘಂಟು ಆಮೇಲೆ. ಜಗಳ ಯಾವ ಹಂತದಲ್ಲಿದೆ ಅಂತ ನಮ್ಮ ಮಾತಿನಲ್ಲೇ ಒಂದು ಸಾಲು ಬರೆದುಕೊಳ್ಳಿ. 'ಮುನಿಸಿಕೊಂಡಿದ್ದಾರೆ' ಬೇರೆ, 'ಮಾತು ಬಿಟ್ಟಿದ್ದಾರೆ' ಬೇರೆ, 'ಜಿದ್ದಿಗೆ ಬಿದ್ದಿದ್ದಾರೆ' ಬೇರೆ. ಅದು ಸ್ಪಷ್ಟವಾದರೆ ಅರ್ಧ ಕೆಲಸ ಮುಗಿದ ಹಾಗೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತೀವಲ್ಲ, ಅದು 'ಟಿಫ್'. ಗೇಟಿನ ಮುಂದೆ ಬೈಕು ನಿಲ್ಲಿಸಿದರು ಅಂತ ಪಕ್ಕದ ಮನೆಯವರ ಜೊತೆ ಎರಡು ಮಾತು ಆದರೆ 'ಸ್ಪ್ಯಾಟ್'. ಮಕ್ಕಳು ರಿಮೋಟಿಗೆ ಕಿತ್ತಾಡಿದರೆ 'ಸ್ಕ್ವಾಬಲ್'. ಇವೆಲ್ಲ ಸಂಜೆಯೊಳಗೆ ಆರಿಹೋಗುವ ಜಗಳಗಳು. ಮಾತು ಬಿಟ್ಟಿದ್ದರೆ 'ನಾಟ್ ಆನ್ ಸ್ಪೀಕಿಂಗ್ ಟರ್ಮ್ಸ್'. ಇಬ್ಬರೂ ಜಿದ್ದಿಗೆ ಬಿದ್ದು ಒಂದಿಂಚೂ ಜರುಗದಿದ್ದರೆ 'ಆ್ಯಟ್ ಲಾಗರ್‌ಹೆಡ್ಸ್'. ಕೊನೆಯ ಸಕಾರ ಮರೆಯಬೇಡಿ.

ಇಂಗ್ಲಿಷ್ ಪತ್ರಿಕೆಗಳ ತಲೆಬರಹದಲ್ಲಿ ಕಾಣುವ ಮೂರಕ್ಷರದ ಪದವೊಂದಿದೆ. ಸಾಲು ಅನ್ನುವ ಅರ್ಥದಲ್ಲಿ ಅದನ್ನು 'ರೋ' ಅನ್ನುತ್ತೇವೆ. ಜಗಳದ ಅರ್ಥದಲ್ಲಿ ಅದೇ ಕಾಗುಣಿತ 'ರೌ' ಆಗುತ್ತದೆ, 'ಕೌ' ಇದ್ದ ಹಾಗೆ. ಜಾಗ ಕಮ್ಮಿ ಹಿಡಿಯುತ್ತದೆ ಅಂತ ಪತ್ರಿಕೆಯವರಿಗೆ ಅದರ ಮೇಲೆ ಪ್ರೀತಿ. ಅರ್ಜಿಯಲ್ಲಿ ಬೇಡ.

ಅರ್ಜಿಗೆ 'ಡಿಸ್ಪ್ಯೂಟ್' ಸಾಕು. ಅದಕ್ಕೆ ಬಣ್ಣ ಇಲ್ಲ, ಅದೇ ಅದರ ಗುಣ. ನಮ್ಮ ಹೇಮಾವತಿಯೂ ಹೋಗಿ ಸೇರುವ ಕಾವೇರಿಯನ್ನೇ ನೋಡಿ. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಅಷ್ಟೆಲ್ಲ ಬಂದ್, ಅಷ್ಟೆಲ್ಲ ಗಲಾಟೆ. ಆದರೂ 1956ರ ಅಂತರರಾಜ್ಯ ನದಿ ನೀರಿನ ಕಾಯ್ದೆಯ ಹೆಸರಿನಲ್ಲಿ ಇರುವುದು 'ಡಿಸ್ಪ್ಯೂಟ್ಸ್' ಅಷ್ಟೇ. ಹತ್ತು ಸಿಲ್ವರ್ ಮರಕ್ಕೆ ನಾನು ಅದಕ್ಕಿಂತ ಜೋರು ಪದ ಹುಡುಕಿದ್ದೆ!

ಆಮೇಲೆ ರುಚಿ ನೋಡಿ

ಬಣ್ಣದ ಪದ ಬೇಕೇ ಬೇಕು ಅಂದರೆ ಅಡುಗೆಮನೆಗೆ ಬನ್ನಿ. ತಮಾಷೆಗೆ ಹೇಳುತ್ತಿಲ್ಲ. ದ್ವೇಷಕ್ಕೆ ಇರುವ ಒಳ್ಳೊಳ್ಳೆ ಇಂಗ್ಲಿಷ್ ಪದಗಳೆಲ್ಲ ನಾಲಿಗೆ, ಮೂಗಿನಿಂದಲೇ ಬಂದವು.

'ಬಿಟರ್' ಅಂದರೆ ಕಹಿ. 'ಬೈಟ್', ಅಂದರೆ ಕಚ್ಚು ಅನ್ನುವ ಪದದ ನೆಂಟ. ಹಾಲು, ಸಕ್ಕರೆ ಹಾಕದ ರೊಬಸ್ಟಾ ಡಿಕಾಕ್ಷನ್ ಒಂದು ಗುಟುಕು ಕುಡಿದು ನೋಡಿ. ಲೋಟ ಕೆಳಗಿಟ್ಟ ಮೇಲೂ ನಾಲಿಗೆ ಮೇಲೆ ಕೂತಿರುತ್ತದೆ. ಜಗಳ ಮುಗಿದ ಮೇಲೂ ಮನಸ್ಸಿನಲ್ಲಿ ಉಳಿಯುವುದಕ್ಕೆ ಈ ಪದ. ಜಗಳಕ್ಕೂ ಹೊಂದುತ್ತದೆ, ಮನುಷ್ಯರಿಗೂ ಹೊಂದುತ್ತದೆ. 'ಶಿ ಈಸ್ ಸ್ಟಿಲ್ ಬಿಟರ್' ಅಂದರೆ ಅವಳಿಗೆ ಆ ಕಹಿ ಇನ್ನೂ ಹೋಗಿಲ್ಲ.

'ಆ್ಯಕ್ರಿಮೋನಿಯಸ್' ಕೇಳಿದರೆ ಮಕ್ಕಳು ಹೆದರುತ್ತಾರೆ. ಹೆದರಬೇಕಾಗಿಲ್ಲ. ಚೂಪು ಅನ್ನುವ ಲ್ಯಾಟಿನ್ ಪದದಿಂದ ಬಂದದ್ದು. ಗಂಟಲು ಕೆರೆಯುವ ಹೊಗೆಗೆ ಹೇಳುವ 'ಆ್ಯಕ್ರಿಡ್' ಕೂಡ ಅದೇ ಮನೆತನ. ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸೀದು ಹೋದಾಗ ಏನಾಗುತ್ತದೆ? ಬಾಣಲೆ ಮುಂದೆ ನಿಂತವರು ಒಬ್ಬರೇ ಅಲ್ಲ, ನಡುಮನೆಯಲ್ಲಿ ಪೇಪರ್ ಓದುತ್ತಿದ್ದವರೂ ಕೆಮ್ಮುತ್ತಾರೆ. ಆ ಘಾಟೇ ಆ್ಯಕ್ರಿಮೋನಿಯಸ್. ಆದ್ದರಿಂದ ಈ ಪದವನ್ನು ಹೆಚ್ಚಾಗಿ ಸಭೆಗೆ, ವಾದಕ್ಕೆ, ಡಿವೋರ್ಸ್‌ಗೆ, ಪಾಲುದಾರಿಕೆ ಮುರಿದದ್ದಕ್ಕೆ ಹಚ್ಚುತ್ತಾರೆ. 'ಅವನು ಆ್ಯಕ್ರಿಮೋನಿಯಸ್' ಅಂದರೆ ಕಿವಿಗೆ ಹಿತವಾಗಿ ಕೇಳಿಸುವುದಿಲ್ಲ. ಹೇಳುವಾಗ 'ಮೋ' ಮೇಲೆ ಒತ್ತು ಕೊಡಿ. ನಾಮಪದ 'ಆ್ಯಕ್ರಿಮನಿ'. ಅದರಲ್ಲಿ ಒತ್ತು ಮೊದಲ ಅಕ್ಷರದ ಮೇಲೆ.

ಇನ್ನು 'ರ‍್ಯಾಂಕರ್'. ಅರಸೀಕೆರೆ ಕೊಬ್ಬರಿ ಚೆನ್ನಾಗಿದೆ ಅಂತ ಜಾಸ್ತಿ ತಂದು ಡಬ್ಬದಲ್ಲಿ ಮರೆತರೆ, ಮುಚ್ಚಳ ತೆಗೆದಾಗ ಕಮಟು ಹೊಡೆಯುತ್ತದೆ ಅಲ್ವಾ? ಅದಕ್ಕೆ ಇಂಗ್ಲಿಷಿನಲ್ಲಿ 'ರ‍್ಯಾನ್ಸಿಡ್'. ರ‍್ಯಾಂಕರ್ ಅದರ ಒಡಹುಟ್ಟು. ಹೊರಗೆ ಮುಚ್ಚಳ ಗಟ್ಟಿ, ಒಳಗೆ ವರ್ಷಗಟ್ಟಲೆ ಕೊಳೆತ ಹಗೆ. ಘಾಟಿಗೆ ಕಿಟಕಿ ತೆಗೆದರೆ ಆಯಿತು, ಕಮಟು ಹಾಗೆಲ್ಲ ಹೋಗುವುದಿಲ್ಲ. ನನ್ನನ್ನು ಕೇಳಿದರೆ ಮೂರರಲ್ಲಿ ಕೆಟ್ಟದ್ದು ಇದೇ.

'ವಿಟ್ರಿಯಾಲಿಕ್' ಮಾತಿಗೆ, ಬರಹಕ್ಕೆ ಮಾತ್ರ. ವಿಟ್ರಿಯಾಲ್ ಅಂದರೆ ಗಂಧಕಾಮ್ಲ. ಮುಖಕ್ಕೆ ಆ್ಯಸಿಡ್ ಎರಚಿದಂಥ ಮಾತು ಅಂತ ಅರ್ಥ. ಸುಮ್ನೆ ಬಳಸುವ ಪದ ಅಲ್ಲ.

ಯಾರ ಯಾರ ನಡುವೆ?

'ಫ್ಯೂಡ್' ಅಂದರೆ ಹಳೇ ವೈರ. ಬಹಳ ಸಲ ಎರಡು ಮನೆತನಗಳ ನಡುವಿನದು, ದಾಯಾದಿ ಜಗಳದ ಹಾಗೆ ತಲೆಮಾರು ದಾಟಬಹುದು. ನಿನ್ನೆ ಶುರುವಾದ ಜಗಳ ಫ್ಯೂಡ್ ಅಲ್ಲ.

'ರೈವಲ್' ಪದದ ಹುಟ್ಟು ಕೇಳಿದರೆ ಗೊರೂರು ನಾಲೆಯ ಕೆಳಗಿನ ರೈತರು ನಗುತ್ತಾರೆ. ಲ್ಯಾಟಿನ್‌ನಲ್ಲಿ 'ರೀವುಸ್' ಅಂದರೆ ತೊರೆ. ಒಂದೇ ತೊರೆಯ ನೀರು ಹಂಚಿಕೊಳ್ಳುವವನು ರೈವಲ್. ಪಕ್ಕದ ಗದ್ದೆಯವನು ರಾತ್ರೋರಾತ್ರಿ ನೀರು ತಿರುಗಿಸಿಕೊಂಡ ಅನ್ನುವ ಜಗಳ ರೋಮ್‌ನಲ್ಲೂ ಇತ್ತು ಅಂತಾಯಿತು.

ಪತ್ರಿಕೆಯಲ್ಲಿ 'ಎಸ್ಟ್ರೇಂಜ್ಡ್ ವೈಫ್' ಅಂತ ಇದ್ದರೆ ಸಾಮಾನ್ಯವಾಗಿ ಅವರು ಬೇರೆ ಇದ್ದಾರೆ, ಡಿವೋರ್ಸ್ ಇನ್ನೂ ಆಗಿಲ್ಲ ಅಂತ ತಿಳಿಯಬೇಕು. ಆಗಿದ್ದರೆ 'ಎಕ್ಸ್' ಅಥವಾ 'ಫಾರ್ಮರ್'.

ಬೇರೆಯಾದದ್ದು ಹೇಗೆ?

ಇಲ್ಲಿ ಕಾಲು ಜಾರುವವರು ಜಾಸ್ತಿ. 'ಪಾರ್ಟೆಡ್ ವೇಸ್' ಅಂದರೆ ಅವರವರ ದಾರಿ ಹಿಡಿದರು, ಅಷ್ಟೇ. 'ಪಾರ್ಟೆಡ್ ವಿತ್' ಅಂದರೆ ಕೈಯಲ್ಲಿದ್ದ ವಸ್ತು ಬಿಟ್ಟುಕೊಟ್ಟರು. ಹುಡುಗನೊಬ್ಬ ಪರೀಕ್ಷೆಯಲ್ಲಿ 'ಹಿ ಪಾರ್ಟೆಡ್ ವಿತ್ ಹಿಸ್ ವೈಫ್' ಎಂದು ಬರೆದಿದ್ದ. ಹಳೇ ಸ್ಕೂಟರ್ ಮಾರಿದ ಹಾಗಿತ್ತು. 'ಫಾಲ್ ಔಟ್' ಅಂದರೆ ಜಗಳವಾಡಿ ಸಂಬಂಧ ಕೆಡಿಸಿಕೊಳ್ಳುವುದು. ಅದರ ನಾಮಪದ 'ಫಾಲಿಂಗ್ ಔಟ್'. ಕೂಡಿಸಿ 'ಫಾಲ್‌ಔಟ್' ಅಂದರೆ ಆಮೇಲಿನ ದುಷ್ಪರಿಣಾಮ. ಅಣುಬಾಂಬ್ ಸಿಡಿದ ಮೇಲೆ ಕೆಳಗಿಳಿಯುವ ವಿಕಿರಣದ ಬೂದಿಗೂ ಅದೇ ಹೆಸರು.

ನಗುನಗುತ್ತಾ ಅಲ್ಲದಿದ್ದರೂ ಕಿತ್ತಾಡದೆ ಬೇರೆಯಾದರೆ 'ಆ್ಯಮಿಕಬಲ್'. ಇದು ಆ್ಯಕ್ರಿಮೋನಿಯಸ್‌ಗೆ ನೇರ ವಿರುದ್ಧ. ಆದರೆ ಕೋರ್ಟಿನ ಕಾಗದಕ್ಕೆ ಕಾನೂನಿನ ಪದಗಳೇ ಬೇಕು. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ 13ಬಿ ಸೇರಿತು. ಅದರಡಿ ಇಬ್ಬರೂ ಒಪ್ಪಿ ಕೇಳುವ ವಿಚ್ಛೇದನ 'ಮ್ಯೂಚುಯಲ್ ಕನ್ಸೆಂಟ್'. ಒಬ್ಬರು ಕೇಳಿ ಇನ್ನೊಬ್ಬರು ವಿರೋಧಿಸಿದರೆ 'ಕಂಟೆಸ್ಟೆಡ್'. ಕಹಿಯೋ ಘಾಟೋ ಅನ್ನುವುದನ್ನು ಅಲ್ಲಿ ಬರೆಯಬೇಕಾಗಿಲ್ಲ.

ಕೊನೆಗೆ, ಎದುರಿನವರಿಗೆ ಓದಿ

ನಿಜವಾಗಿ ಕರೆದು ಓದಬೇಕಿಲ್ಲ. ಅವರು ಎದುರಿಗೆ ಕೂತಿದ್ದಾರೆ ಅಂದುಕೊಂಡು ಒಂದು ಸಲ ಗಟ್ಟಿಯಾಗಿ ಓದಿ. ಓದಲು ನಾಲಿಗೆ ತಡವರಿಸಿದ ಪದವನ್ನು ಹೊಡೆದು ಹಾಕಿ.

ನಾನಂತೂ ಆವತ್ತು ನಿಜವಾಗಿಯೂ ಓದಿದೆ. ಜಗಲಿ ಮೇಲೆ ಕೂತಿದ್ದ ಆ ತಮ್ಮನಿಗೆ ಕಾಫಿ ಕೊಟ್ಟು, ಎದುರಿಗೇ ಹೊಸ ಹಾಳೆ ತೆಗೆದೆ. 'ದೇರ್ ಈಸ್ ಎ ಡಿಸ್ಪ್ಯೂಟ್ ಬಿಟ್ವೀನ್ ಮೈ ಬ್ರದರ್ ಅಂಡ್ ಮಿ ಓವರ್ ಟೆನ್ ಸಿಲ್ವರ್ ಓಕ್ ಟ್ರೀಸ್' ಎಂದು ಬರೆದು, ಓದಿ, ಕನ್ನಡದಲ್ಲಿ ಅರ್ಥವನ್ನೂ ಹೇಳಿದೆ. ಅವರು ತಲೆ ಆಡಿಸುತ್ತಾ ಕೇಳಿದರು. ಲೋಟ ಕೆಳಗಿಟ್ಟರು.

"ಎಲ್ಲಾ ಸರಿಯಾಗಿದೆ ಮೇಷ್ಟ್ರೇ. ಮರ ಹತ್ತಲ್ಲ, ಹನ್ನೊಂದು."