ಕೆವಿ ಒಂದನ್ನೇ ನೋಡಿದರೆ ಸಾಲದು: 5 ಇಂಚಿನ ಡ್ರೋನಿಗೆ ಮೋಟಾರ್, ಬ್ಯಾಟರಿ ಹೊಂದಿಸುವ ಬಗೆ

ಡ್ರೋನ್ ಕಟ್ಟುವಾಗ ನಾನು ಮೊದಲು ತೀರ್ಮಾನಿಸುವುದು ಪ್ರೊಪೆಲ್ಲರನ್ನು. ಫ್ರೇಮಿಗೆ 5 ಇಂಚಿನದು ಹಿಡಿಸುವುದಾದರೆ 2207 ಅಥವಾ 2306 ಅಳತೆಯ ಮೋಟಾರ್ ತೆಗೆದುಕೊಳ್ಳುತ್ತೇನೆ. ಮೊದಲ ಎರಡು ಅಂಕಿ ಸ್ಟೇಟರಿನ (ಸುರುಳಿ ಸುತ್ತಿದ, ತಿರುಗದ ಭಾಗದ) ವ್ಯಾಸ, ಉಳಿದೆರಡು ಅದರ ಎತ್ತರ, ಮಿಲಿಮೀಟರಿನಲ್ಲಿ. ಎಷ್ಟು ಕೆವಿ, ಎಷ್ಟು ಸೆಲ್ ಎಂಬುದು ಆಮೇಲಿನ ಮಾತು. ಅವೆರಡನ್ನೂ ಒಟ್ಟಿಗೇ ನಿರ್ಧರಿಸಬೇಕು.

ಕೆವಿ ಎಂದರೆ ಇಲ್ಲಿ ಕಿಲೋವೋಲ್ಟ್ ಅಲ್ಲ. ಪ್ರೊಪೆಲ್ಲರ್ ಹಾಕದ ಮೋಟಾರ್ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ಪೂರ್ತಿ ಚಾರ್ಜಾದ ಲಿಪೋ (ಲಿಥಿಯಂ ಪಾಲಿಮರ್) ಸೆಲ್ 4.2 ವೋಲ್ಟ್, ಅಂದರೆ ನಾಲ್ಕು ಸೆಲ್ ಸಾಲಾಗಿ ಜೋಡಿಸಿದ 4ಎಸ್ ಪ್ಯಾಕ್ 16.8, 6ಎಸ್ 25.2. 2400 ಕೆವಿ ಮೋಟಾರಿಗೆ 4ಎಸ್ ಕೊಟ್ಟರೆ 40,320 ಸುತ್ತು. 1600 ಕೆವಿಗೆ 6ಎಸ್ ಕೊಟ್ಟರೂ ಅಷ್ಟೇ. ಹಾಗಾಗಿ ಕೆವಿಯನ್ನು ಸೆಲ್ ಸಂಖ್ಯೆಯಿಂದ ಗುಣಿಸಿ ನೋಡುತ್ತೇನೆ. 5 ಇಂಚಿಗೆ ಅದು 9,600ರಿಂದ 11,700ರೊಳಗೆ ಬಂದರೆ ಜೋಡಿ ಸರಿಯಿದೆ.

2400 ಕೆವಿ ಮೋಟಾರಿಗೆ 6ಎಸ್ ಚುಚ್ಚಿದರೆ ಏನಾಗುತ್ತದೆ? ವೇಗ ಒಂದೂವರೆ ಪಟ್ಟು. ಪ್ರೊಪೆಲ್ಲರ್ ಬೇಡುವ ಶಕ್ತಿ ವೇಗದ ಘನದಂತೆ ಏರುವುದರಿಂದ ಅದು ಸುಮಾರು 3.4 ಪಟ್ಟು, ಕರೆಂಟ್ 2.25 ಪಟ್ಟು. 4ಎಸ್‌ನಲ್ಲಿ 35 ಆಂಪ್ ಎಳೆಯುತ್ತಿದ್ದ ಮೋಟಾರ್ ಲೆಕ್ಕದ ಪ್ರಕಾರ 79 ಆಂಪ್ ಕೇಳುತ್ತದೆ. ಬ್ಯಾಟರಿಯ ವೋಲ್ಟೇಜ್ ಕುಸಿಯುವುದರಿಂದ ಅಷ್ಟು ಮುಟ್ಟದಿರಬಹುದು, ಆದರೆ ಮೋಟಾರಿನ ವೇಗ ನಿಯಂತ್ರಿಸುವ 45 ಆಂಪ್ ಇಎಸ್‌ಸಿ ಸುಡಲು ಅಷ್ಟು ಬೇಕಾಗಿಯೂ ಇಲ್ಲ. ತಿರುಗುಮುರುಗಾದರೆ ಅಪಾಯವಿಲ್ಲ: 6ಎಸ್ ಮೋಟಾರಿಗೆ 4ಎಸ್ ಹಾಕಿದರೆ ಏನೂ ಸುಡುವುದಿಲ್ಲ, ಎತ್ತುವ ಬಲ ಮಾತ್ರ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಡ್ರೋನಿನ ಹಾರಾಟ ನಿಯಂತ್ರಿಸುವ ಸಾಫ್ಟ್‌ವೇರಾದ ಬೀಟಾಫ್ಲೈಟಿನ ಮೋಟಾರ್ ಔಟ್‌ಪುಟ್ ಲಿಮಿಟನ್ನು ಶೇಕಡಾ 67ಕ್ಕೆ ಇಳಿಸಿ 4ಎಸ್ ಮೋಟಾರನ್ನು 6ಎಸ್‌ನಲ್ಲಿ ಹಾರಿಸುವವರಿದ್ದಾರೆ. ಹಾರುತ್ತದೆ ನಿಜ. ಆದರೆ ಸೆಟ್ಟಿಂಗ್ ಅಳಿಸಿಹೋದರೆ ಮಿತಿಯೂ ಹೋಯಿತು. ಇರುವ ಮೋಟಾರನ್ನು ಸವೆಸಲು ಇದು ಸಾಕು, ಹೊಸದಾಗಿ ಕಟ್ಟುವಾಗ ಬೇಡ.

ಹೊಸದಕ್ಕೆ ನನ್ನ ಆಯ್ಕೆ 6ಎಸ್, 1750 ಕೆವಿ ಆಸುಪಾಸು. 4ಎಸ್ 1500 ಎಂಎಎಚ್‌ನಲ್ಲೂ 6ಎಸ್ 1000 ಎಂಎಎಚ್‌ನಲ್ಲೂ ಇರುವುದು, ಸೆಲ್ಲಿಗೆ ಸರಾಸರಿ 3.7 ವೋಲ್ಟಿನ ಲೆಕ್ಕದಲ್ಲಿ, ಅದೇ 22.2 ವ್ಯಾಟ್ ಅವರ್. ಅದೇ ಶಕ್ತಿಗೆ ಕರೆಂಟ್ ಮೂರರಲ್ಲಿ ಎರಡು ಪಾಲು ಸಾಕಾಗುವುದರಿಂದ ವೈರ್, ಕನೆಕ್ಟರುಗಳಲ್ಲಿ ಬಿಸಿ ಅರ್ಧಕ್ಕಿಂತ ಕಡಿಮೆ. ಮೋಟಾರೂ ತಣ್ಣಗಿರುತ್ತದೆ ಎನ್ನುವುದನ್ನು ಮಾತ್ರ ಒಪ್ಪಲಾರೆ: ಕಡಿಮೆ ಕೆವಿಗೆ ತೆಳು ತಂತಿಯನ್ನು ಹೆಚ್ಚು ಸುತ್ತು ಸುತ್ತಿರುತ್ತಾರೆ, ರೋಧ ಏರುತ್ತದೆ, ಸುರುಳಿಯ ಬಿಸಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಇಎಸ್‌ಸಿಯ ಮೇಲೆ 6ಎಸ್ ಎಂದು ಬರೆದಿರಲೇಬೇಕು. ಬ್ಯಾಟರಿ ಪ್ಯಾಡಿಗೆ 1000 ಮೈಕ್ರೋಫ್ಯಾರಡ್‌ನ ಲೋ ಇಎಸ್‌ಆರ್ (ಒಳರೋಧ ಕಡಿಮೆಯಿರುವ) ಕೆಪಾಸಿಟರನ್ನು ಕಾಲು ಗಿಡ್ಡ ಮಾಡಿ ಬೆಸೆಯುತ್ತೇನೆ. ಮೋಟಾರ್ ಬ್ರೇಕ್ ಹಿಡಿದಾಗ ವೋಲ್ಟೇಜ್ ಚಿಮ್ಮುವುದರಿಂದ 35 ವೋಲ್ಟಿನದಕ್ಕಿಂತ 50 ವೋಲ್ಟಿನದು ನೆಮ್ಮದಿ. ಪಟ್ಟೆ ಇರುವ ಕಾಲು ನೆಗೆಟಿವ್‌ಗೆ, ಅದಲುಬದಲಾದರೆ ಸಿಡಿಯುತ್ತದೆ. ವಿಡಿಯೋ ಟ್ರಾನ್ಸ್‌ಮಿಟರ್, ಕ್ಯಾಮೆರಾ ಎಷ್ಟು ವೋಲ್ಟ್ ತಾಳುತ್ತವೆ ಎಂದೂ ಓದಿಕೊಳ್ಳಿ. ಕೆಲವಕ್ಕೆ 5 ವೋಲ್ಟ್ ಮೀರುವಂತಿಲ್ಲ.

ಪ್ರೊಪೆಲ್ಲರ್ ಬಿಚ್ಚಿಟ್ಟು, ಬ್ಯಾಟರಿ ಜೋಡಿಸುವ ಮೊದಲು ಪ್ಲಸ್ ಮೈನಸ್ ನಡುವೆ ಬೀಪ್ ಮೋಡಿನಲ್ಲಿಟ್ಟ ಮಲ್ಟಿಮೀಟರ್ ಹಿಡಿದು ನೋಡುತ್ತೇನೆ. ಕ್ಷಣ ಕೂಗಿ ನಿಂತರೆ ಅದು ಕೆಪಾಸಿಟರ್, ಕೂಗುತ್ತಲೇ ಇದ್ದರೆ ಶಾರ್ಟ್. ಮೊದಲ ಬಾರಿ ಬ್ಯಾಟರಿ ಜೋಡಿಸುವುದು ಶಾರ್ಟ್ ಇದ್ದರೆ ಕರೆಂಟನ್ನು ತಡೆಯುವ ಸ್ಮೋಕ್ ಸ್ಟಾಪರ್ ಮೂಲಕವೇ.

ಒಂದು ನಿಮಿಷ ಗಾಳಿಯಲ್ಲಿ ನಿಲ್ಲಿಸಿ, ಇಳಿಸಿ, ಮೋಟಾರುಗಳನ್ನು ಮುಟ್ಟುತ್ತೇನೆ. ನಾಲ್ಕೂ ಸುಡುತ್ತಿದ್ದರೆ ಪ್ರೊಪೆಲ್ಲರಿನ ಪಿಚ್ (ಅಲಗಿನ ಓರೆ) ಹೆಚ್ಚು, ಇಲ್ಲವೇ ಡ್ರೋನನ್ನು ಸ್ಥಿರವಾಗಿಡುವ ಪಿಐಡಿ ಸೆಟ್ಟಿಂಗಿನಲ್ಲಿ ಡಿ ಹೆಚ್ಚು. ಒಂದೇ ಸುಡುತ್ತಿದ್ದರೆ ಬೇರಿಂಗ್, ಸೊಟ್ಟ ಶಾಫ್ಟ್, ಅಥವಾ ಉದ್ದದ ಸ್ಕ್ರೂ ಸುರುಳಿಗೆ ತಾಗಿರುವುದು. ಈ ಸ್ಕ್ರೂ ತಪ್ಪಿಗೆ ಇಎಸ್‌ಸಿಯೂ ಬಲಿಯಾಗುತ್ತದೆ.

ಅರ್ಧ ಖಾಲಿಯಾದ ಪ್ಯಾಕ್ ಜೋಡಿಸುವ ಅಭ್ಯಾಸವಿದ್ದರೆ ಇನ್ನೊಂದು ಕುಣಿಕೆಯಿದೆ. ಸೆಲ್ಲಿಗೆ 3.5 ವೋಲ್ಟ್ ಉಳಿದ 6ಎಸ್ ಒಟ್ಟು 21 ವೋಲ್ಟ್. ತುಂಬಿದ 5ಎಸ್ ಕೂಡ 21. ಬೀಟಾಫ್ಲೈಟ್ ಅದನ್ನು 5 ಸೆಲ್ ಎಂದೇ ಎಣಿಸುತ್ತದೆ. ಆಗ ಸೆಲ್ಲಿಗೆ 3.5ಕ್ಕೆ ಇಟ್ಟ ಎಚ್ಚರಿಕೆ ಬರುವುದು 17.5ಕ್ಕೆ, ಅಂದರೆ ನಿಜವಾಗಿ ಸೆಲ್ 2.9ಕ್ಕೆ ಇಳಿದ ಮೇಲೆ. ಸೆಲ್ ಸಂಖ್ಯೆಯನ್ನು ಸೆಟ್ಟಿಂಗಿನಲ್ಲಿ 6 ಎಂದು ಕಟ್ಟಿಹಾಕಬಹುದು. ನಾನಂತೂ ತುಂಬಿದ ಪ್ಯಾಕನ್ನೇ ಜೋಡಿಸುತ್ತೇನೆ.