ಹವಾಯಿ ಬಿಗ್ ಐಲ್ಯಾಂಡ್‌ನ್ಯಾಗ ಎಲ್ಲಿ ಉಳೀಬೇಕು?

ಮಕ್ಕಳ ಹತ್ರ ಅಮೆರಿಕಾಕ್ಕ ಹೋದವರು ಬಿಗ್ ಐಲ್ಯಾಂಡ್ ನೋಡೂದಿದ್ರ, ಎಲ್ಲಾ ದಿನಕ್ಕೂ ಒಂದ ಹೋಟೆಲ್ ಹಿಡೀಬ್ಯಾಡ್ರಿ. ನಾವು ಹಂಗ ಮಾಡಿ ಅರ್ಧ ಪ್ರವಾಸ ಕಾರಿನ್ಯಾಗ ಕಳದ್ವಿ. ದ್ವೀಪದ ನಡುವ 4,000 ಮೀಟರ್ ದಾಟಿದ ಎರಡು ಗುಡ್ಡ ಅದಾವ. ಮೋಡ ಪೂರ್ವದ ಹಿಲೋ ಕಡೆ ಮಳಿ ಸುರಸ್ತಾವು, ಪಶ್ಚಿಮದ ಕೋನಾ ಒಣಾ. ನಮ್ಮ ಖಾನಾಪುರಕ್ಕೂ ವಿಜಯಪುರಕ್ಕೂ ಇದ್ದಂಗ, ದಿಕ್ಕು ಅಷ್ಟ ಉಲ್ಟಾ.

ಸಮುದ್ರ, ಬಿಸಲು ಬೇಕಂದ್ರ ಕೋನಾ. ಕೀಲಾವೇಯಾ ಜ್ವಾಲಾಮುಖಿಗೆ ಮಾತ್ರ ಎರಡು ರಾತ್ರಿ ವಾಲ್ಕೆನೋ ಅನ್ನೋ ಸಣ್ಣ ಊರಾಗ ಇರ್ರಿ. ಜ್ವಾಲಾಮುಖಿ ಇರೋ ನ್ಯಾಷನಲ್ ಪಾರ್ಕಿನ ಬಾಗಲಾ ಹತ್ರನ ಐತಿ, ನಸುಕಿನ್ಯಾಗ ಗದ್ದಲ ಇಲ್ಲದ ನೋಡಬಹುದು. ಸುಮಾರು 1,200 ಮೀಟರ್ ಎತ್ತರ, ರಾತ್ರಿ ಥಂಡಿ, ಸ್ವೆಟರ್ ಒಯ್ಯಬೇಕ್ರಿ. ದಮ್ಮಿನ ತ್ರಾಸ ಇದ್ದವರು ಬುಕ್ ಮಾಡೂಕಿಂತ ಮೊದಲ ಗಂಧಕದ ಹೊಗಿ ಯಾವ ಕಡೆ ಹೊಂಟೈತಿ ಅಂತ ನೋಡ್ರಿ.