ಅಪ್ಪನಿಗೆ ವರ್, ಅವ್ವನಿಗೆ ವಾಸ್

ಇಂದಿನ ಇಂಗ್ಲಿಷಿನಲ್ಲಿ ಕರ್ತೃ ಯಾರೆಂದು ನೋಡಿಕೊಂಡು ಭೂತಕಾಲದಲ್ಲಿ ರೂಪ ಬದಲಿಸುವ ಕ್ರಿಯಾಪದ ಒಂದೇ ಒಂದು. ವೆಂಟ್, ಕೇಮ್, ಹ್ಯಾಡ್, ಡಿಡ್ ಇವೆಲ್ಲ ‘ಐ’ ಬಂದರೂ ‘ದೇ’ ಬಂದರೂ ಕದಲುವುದಿಲ್ಲ. ವಾಸ್ ಮಾತ್ರ ಕೆಲವು ಸರ್ವನಾಮಗಳ ಜೊತೆಗೆ ವರ್ ಆಗುತ್ತದೆ. ಐ, ಹಿ, ಶಿ, ಇಟ್ ಇದ್ದರೆ ವಾಸ್. ವಿ, ಯೂ, ದೇ ಇದ್ದರೆ ವರ್. ಇಷ್ಟನ್ನು ಕರಿಹಲಗೆಯ ಮೇಲೆ ಬರೆಯಲು ಎರಡು ನಿಮಿಷ ಸಾಕು. ಆದರೂ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನನ್ನ ಕೆಂಪು ಶಾಯಿ ಹೆಚ್ಚು ಖರ್ಚಾಗುವುದು ಇಲ್ಲಿಯೇ.

ಈ ಪಾಠವನ್ನು ನಾನು ಇಂಗ್ಲಿಷಿನಿಂದ ಶುರು ಮಾಡುವುದಿಲ್ಲ. ಹಲಗೆಯ ಎಡಭಾಗದಲ್ಲಿ ‘ಇರು’ ಎಂದು ಬರೆದು, ಭೂತಕಾಲದ ರೂಪಗಳನ್ನು ಹೇಳಿ ಎನ್ನುತ್ತೇನೆ. ನಾನು ಇದ್ದೆನು, ನಾವು ಇದ್ದೆವು, ನೀನು ಇದ್ದೆ, ನೀವು ಇದ್ದಿರಿ, ಅವನು ಇದ್ದನು, ಅವಳು ಇದ್ದಳು, ಅವರು ಇದ್ದರು, ಅದು ಇತ್ತು, ಅವು ಇದ್ದವು. ನಾನು ಬರೆದು ಮುಗಿಸುವ ಮೊದಲೇ ಹಿಂದಿನ ಬೆಂಚಿನವರೂ ಕೂಗಿ ಮುಗಿಸಿರುತ್ತಾರೆ. ಒಂಬತ್ತು ರೂಪ, ಒಂದೂ ತಪ್ಪಿಲ್ಲ. ಆಮೇಲೆ ಬಲಭಾಗದಲ್ಲಿ ಇಂಗ್ಲಿಷಿನ ಎರಡು ರೂಪಗಳನ್ನು ಬರೆದು, ಎಡದ ಒಂಬತ್ತರಿಂದ ಗೆರೆ ಎಳೆಯುತ್ತೇನೆ. ಇದ್ದನು, ಇದ್ದಳು, ಇತ್ತು ಮೂರೂ ಹೋಗಿ ಒಂದೇ ವಾಸ್‌ಗೆ ಸೇರುತ್ತವೆ. ಇಂಗ್ಲಿಷ್ ಎಂದರೆ ಕಷ್ಟ ಎಂದು ನಂಬಿ ಬಂದ ಮಗುವಿಗೆ, ಈ ಒಂದು ಜಾಗದಲ್ಲಾದರೂ ತನ್ನ ಮಾತೃಭಾಷೆಯೇ ಹೆಚ್ಚು ಕಷ್ಟದ್ದು ಎಂದು ಕಾಣುವುದು ಒಳ್ಳೆಯದು.

ಗೆರೆ ಎಳೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಸಲು ತೊಡಕು ಪ್ರಬಂಧ ಬರೆಸಿದಾಗ ಗೊತ್ತಾಗುತ್ತದೆ. ‘ಮೈ ಫಾದರ್ ವರ್ ಎ ಫಾರ್ಮರ್’ ಎಂದು ಬರೆದ ಹುಡುಗ ಮುಂದಿನ ಸಾಲಿನಲ್ಲಿ ‘ಮೈ ಮದರ್ ವಾಸ್ ಎ ಕೂಲಿ’ ಎಂದು ಬರೆದಿರುತ್ತಾನೆ. ತಮ್ಮನಿಗೆ ವಾಸ್, ಹೆಡ್‌ಮಾಸ್ಟರರಿಗೆ ವರ್. ಮೇಲುನೋಟಕ್ಕೆ ಕಣ್ಣು ಮುಚ್ಚಿ ಬರೆದಂತೆ ಕಾಣುತ್ತದೆ. ಹಾಗಲ್ಲ, ಅದಕ್ಕೊಂದು ಕಟ್ಟುನಿಟ್ಟಾದ ಲೆಕ್ಕವಿದೆ. ತಂದೆಯವರು ಇದ್ದರು, ಹೆಡ್‌ಮಾಸ್ಟರರು ಇದ್ದರು. ಆದರೆ ಅವ್ವ ಮನೆಯಲ್ಲಿ ಏಕವಚನ, ಅವ್ವ ಇದ್ದಳು. ಅವನು ವ್ಯಾಕರಣ ತಪ್ಪಿದ್ದಾನೆ ನಿಜ, ಮರ್ಯಾದೆ ತಪ್ಪಿಲ್ಲ. ಇಂಥ ತಪ್ಪಿಗೆ ಬರಿದೇ ಅಡ್ಡಗೆರೆ ಎಳೆದರೆ, ಆ ಹುಡುಗ ತಾನು ಪಾಲಿಸಿದ ನಿಯಮ ಯಾವುದು, ಅದು ಇಲ್ಲಿ ಏಕೆ ನಡೆಯುವುದಿಲ್ಲ ಎಂಬುದನ್ನು ಎಂದೂ ಅರಿಯುವುದಿಲ್ಲ.

ದೊಡ್ಡವರ ಜೀವನಚರಿತ್ರೆ ಬರೆಸಿದಾಗ ಇದು ಇನ್ನೂ ಬಿಗಿಯಾಗುತ್ತದೆ. ಕುವೆಂಪು 1904ರಲ್ಲಿ ಹುಟ್ಟಿದರು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದರೆ ‘ದೇ ವರ್ ಬಾರ್ನ್’ ಎನ್ನುತ್ತಾರೆ. ‘ಹಿ ವಾಸ್’ ಎಂದು ತಿದ್ದಿದರೆ ಕೆಲವರ ಮುಖ ಸಪ್ಪಗಾಗುತ್ತದೆ. ರಾಷ್ಟ್ರಕವಿಯನ್ನು ‘ಅವನು’ ಎನ್ನುವುದೇ? ಅವರ ಆಕ್ಷೇಪ ನ್ಯಾಯವಾದದ್ದು. ಕೆಳಗಿನ ತರಗತಿಗಳಲ್ಲಿ ‘ಹಿ ಎಂದರೆ ಅವನು’ ಎಂದು ಬಾಯಿಪಾಠ ಮಾಡಿಸಿದವರು ನಾವೇ ಶಿಕ್ಷಕರು. ಹಿ ಎಂಬುದರಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ, ಬರೀ ಒಬ್ಬ ಗಂಡಸು ಎಂಬ ಎಣಿಕೆಯಿದೆ ಎಂದು ವಿವರಿಸುತ್ತೇನೆ. ನನ್ನ ತರಗತಿಯಲ್ಲಿ ಇದಕ್ಕೊಂದು ಸೂತ್ರವೇ ಆಗಿದೆ: ತಲೆ ಎಣಿಸಿ, ಗೌರವ ಎಣಿಸಬೇಡಿ. ಒಂದು ತಲೆಯಾದರೆ ವಾಸ್, ಹೆಚ್ಚಾದರೆ ವರ್.

ಸೂತ್ರ ಹೇಳಿದ ಕೂಡಲೇ ಯಾರಾದರೊಬ್ಬರು ಎದ್ದು ನಿಲ್ಲುತ್ತಾರೆ, ನಿಲ್ಲಲೇಬೇಕು. ಒಬ್ಬನೇ ಗೆಳೆಯನಿಗೆ ‘ಯೂ ವರ್’ ಎನ್ನುತ್ತೇವಲ್ಲ, ಅಲ್ಲಿ ತಲೆ ಒಂದೇ ತಾನೇ? ಯಾರೂ ಕೇಳದಿದ್ದರೆ ನಾನೇ ಕೇಳುತ್ತೇನೆ. ಉತ್ತರ ಅವರಿಗೆ ಬಹಳ ಹಿಡಿಸುತ್ತದೆ. ಇಂಗ್ಲಿಷಿನಲ್ಲಿ ಹಿಂದೆ ‘ದೌ’ ಎಂಬ ಸರ್ವನಾಮವಿತ್ತು, ನಮ್ಮ ‘ನೀನು’ ಇದ್ದಂತೆ. ಯೂ ಬಹುವಚನ, ನಮ್ಮ ‘ನೀವು’ ಇದ್ದಂತೆ. ಗೌರವಕ್ಕೆಂದು ಒಬ್ಬರಿಗೂ ಯೂ ಎನ್ನುವುದು ಹಬ್ಬುತ್ತ ಹಬ್ಬುತ್ತ, ಕೊನೆಗೆ ಆಡುಮಾತಿನಿಂದ ದೌ ಬಹುಮಟ್ಟಿಗೆ ಮಾಯವಾಯಿತು. ಈಗ ಇಂಗ್ಲಿಷಿನವರು ಅಜ್ಜನಿಗೂ ನೀವು, ಕೂಸಿಗೂ ನೀವು, ನಾಯಿಗೂ ನೀವು. ನೀವು ಎಂದ ಮೇಲೆ ಇದ್ದಿರಿ ಎನ್ನಬೇಕಲ್ಲ, ಅದೇ ವರ್. ನಾಯಿಗೂ ನೀವು ಎಂಬಲ್ಲಿ ತರಗತಿ ನಗುತ್ತದೆ, ಮತ್ತೆ ‘ಯೂ ವಾಸ್’ ಬರೆಯುವವರು ಬಹಳ ಕಡಿಮೆಯಾಗುತ್ತಾರೆ.

ಹಾಗೆ ಬರೆದವರನ್ನೂ ನಾನು ಗದರುವುದಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಓದುಬರಹ ಬಲ್ಲವರೇ ಒಬ್ಬರನ್ನು ಕುರಿತು ‘ಯೂ ವಾಸ್’ ಎಂದು ಬರೆಯುತ್ತಿದ್ದರು. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ತನ್ನ ವ್ಯಾಕರಣದಲ್ಲಿ ಅದನ್ನು ಘೋರ ತಪ್ಪು ಎಂದು ಖಂಡಿಸಿದ. ಅಂದರೆ ನಮ್ಮ ಒಂಬತ್ತನೆಯ ತರಗತಿಯ ಹುಡುಗಿ ಮಾಡುವ ತಪ್ಪನ್ನು ಲಂಡನ್ನಿನ ಸಭ್ಯಸ್ಥರೂ ಮಾಡಿದ್ದರು, ಅದೂ ಅವಳದೇ ತರ್ಕದಿಂದ.

ಒಂದೇ ಕ್ರಿಯಾಪದದಲ್ಲಿ ಸಕಾರ ರಕಾರವಾಗುವುದು ಏಕೆ ಎಂದು ಕೇಳುವ ಮಗು ಅಪರೂಪಕ್ಕೆ ಸಿಗುತ್ತದೆ. ಹಳೆಯ ಇಂಗ್ಲಿಷಿನಲ್ಲೇ ಏಕವಚನಕ್ಕೆ ಸಕಾರದ ರೂಪ, ಬಹುವಚನಕ್ಕೆ ರಕಾರದ ರೂಪ ಇದ್ದವು. ಇದಕ್ಕೆ ಕಾರಣ ಅದಕ್ಕೂ ಹಿಂದಿನ ಭಾಷೆಯಲ್ಲಿ ಪದದ ಯಾವ ಭಾಗಕ್ಕೆ ಒತ್ತು ಬೀಳುತ್ತಿತ್ತು ಎಂಬುದು. ಅದನ್ನು 1870ರ ದಶಕದಲ್ಲಿ ತೋರಿಸಿಕೊಟ್ಟವನು ಡೆನ್ಮಾರ್ಕಿನ ಕಾರ್ಲ್ ವರ್ನರ್. ಅವನ ಹೆಸರಲ್ಲೇ ವರ್ ಇರುವುದು ಬರೀ ಕಾಕತಾಳೀಯ, ನೆನಪಿಟ್ಟುಕೊಳ್ಳಲು ಅನುಕೂಲ. ಮತ್ತೊಂದು ಸಂಗತಿ ಕಾಕತಾಳೀಯವಲ್ಲ. ಇಂಗ್ಲಿಷಿನ ವಾಸ್ ಮತ್ತು ಸಂಸ್ಕೃತದಿಂದ ನಮಗೆ ಬಂದ ವಾಸ, ವಸತಿ, ನಿವಾಸ ಇವೆಲ್ಲ ಒಂದೇ ಹಳೆಯ ಬೇರಿನ ಚಿಗುರುಗಳು. ನೆಲೆಸು, ತಂಗು ಎಂಬುದು ಆ ಬೇರಿನ ಅರ್ಥ.

ಸರ್ವನಾಮದ ಹೊಂದಾಣಿಕೆ ಸರಿಹೋದ ಮೇಲೆ ಬೇರೊಂದು ಬಗೆಯ ತಪ್ಪು ತಲೆ ಎತ್ತುತ್ತದೆ: ‘ಐ ವಾಸ್ ಕೇಮ್’. ಇದರ ಮೂಲ ‘ಬಂದಿದ್ದೆ’. ಬಂದು ಮತ್ತು ಇದ್ದೆ ಕೂಡಿ ಆದದ್ದು ಅದು. ಇದ್ದೆ ಎಂದರೆ ವಾಸ್ ಎಂದು ಆಗಲೇ ಕಲಿತಿರುವ ಮಗು ಒಳಗಿನ ಇದ್ದೆಯನ್ನೂ ವಾಸ್ ಮಾಡುತ್ತದೆ. ಬರುತ್ತಿದ್ದೆ ಎಂಬುದರಲ್ಲಿ ಹಾಗೆ ಮಾಡಿದರೆ ಸರಿಯಾಗುತ್ತದೆ, ‘ಐ ವಾಸ್ ಕಮಿಂಗ್’. ಆದ್ದರಿಂದ ಇದ್ದೆಯ ಹಿಂದೆ ಏನಿದೆ ನೋಡಿ ಎನ್ನುತ್ತೇನೆ. ‘ಉತ್ತ’ ಇದ್ದರೆ ವಾಸ್ ಅಥವಾ ವರ್. ಬಂದು, ಮಾಡಿ, ತಿಂದು ಎಂಬಂಥ ರೂಪ ಇದ್ದರೆ ಹ್ಯಾಡ್. ಈ ಗುರುತು ನೂರಕ್ಕೆ ನೂರು ನಿಲ್ಲುವುದಿಲ್ಲ. ‘ಚಿಕ್ಕವನಿದ್ದಾಗ ಹೊಳೆಯಲ್ಲಿ ಈಜುತ್ತಿದ್ದೆ’ ಎಂಬ ರೂಢಿಯ ಮಾತಿಗೆ ‘ಯೂಸ್ಡ್ ಟು’ ಬೇಕು. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುತ್ತೇನೆ.

ರಜೆ ಅರ್ಜಿಗಳಲ್ಲಿ ಕಾಯಂ ಆಗಿ ಕಾಣುವ ಸಾಲು ‘ಐ ವಾಸ್ ಫೀವರ್’. ನನಗೆ ಜ್ವರ ಇತ್ತು ಎಂಬುದರಲ್ಲಿ ಇರುವುದು ಜ್ವರ. ‘ನನಗೆ’ ಚತುರ್ಥಿ ವಿಭಕ್ತಿ, ಕರ್ತೃವಲ್ಲ. ಇಂಗ್ಲಿಷ್ ಅಲ್ಲಿ ‘ಐ ಹ್ಯಾಡ್’ ಎನ್ನುತ್ತದೆ. ಆದರೆ ನನಗೆ ಹಸಿವಾಗಿತ್ತು ಎಂಬುದು ‘ಐ ವಾಸ್ ಹಂಗ್ರಿ’ ಎಂದೇ ಆಗುವುದರಿಂದ ಮಕ್ಕಳ ಗೊಂದಲ ಸಹಜ. ನಾನು ಕೇಳುವ ಪ್ರಶ್ನೆ ಇಷ್ಟೇ: ನೀನೇ ಜ್ವರವಾಗಿದ್ದೆಯಾ? ಇಲ್ಲ ಸಾರ್, ನನಗೆ ಬಂದಿತ್ತು. ಹಾಗಾದರೆ ಹ್ಯಾಡ್.

ನಿಷೇಧಕ್ಕೆ ಬಂದರೆ ಕನ್ನಡವೇ ಸೋಮಾರಿ. ನಾನು ಇರಲಿಲ್ಲ, ನೀವು ಇರಲಿಲ್ಲ, ಅವು ಇರಲಿಲ್ಲ. ಒಂಬತ್ತು ರೂಪಗಳ ವೈಭವವೆಲ್ಲ ಒಂದೇ ‘ಇರಲಿಲ್ಲ’ದಲ್ಲಿ ಮುಗಿಯಿತು. ಇಂಗ್ಲಿಷ್ ಅಲ್ಲಿಯೂ ಭೇದ ಬಿಡುವುದಿಲ್ಲ. ‘ದೇ ವರ್’ ಎಂದು ತಪ್ಪದೆ ಬರೆಯುವವರೂ ‘ದೇ ವಾಸ್ ನಾಟ್’ ಎಂದು ಜಾರುವುದು ಇದರಿಂದ. ವಸ್ತುಗಳ ಎಣಿಕೆಯಲ್ಲೂ ಹೀಗೆಯೇ. ಮಾತಿನಲ್ಲಿ ‘ಹತ್ತು ಮರ ಇತ್ತು’ ಎಂದರೆ ನಮಗೆ ಏನೂ ಕೊರತೆ ಕಾಣುವುದಿಲ್ಲ, ಹತ್ತು ಎಂದ ಮೇಲೆ ಬಹುವಚನ ಮತ್ತೇಕೆ? ಇಂಗ್ಲಿಷಿಗೆ ಮರಕ್ಕೂ ಬಹುವಚನ ಬೇಕು, ಕ್ರಿಯಾಪದಕ್ಕೂ ಬೇಕು. ಇದಕ್ಕೆ ತದ್ವಿರುದ್ಧ ‘ಎವ್ರಿಬಡಿ ವಾಸ್’. ಎಲ್ಲರೂ ಇದ್ದರು ಎನ್ನುವ ನಮಗೆ ಅದು ವಿಚಿತ್ರ. ತಲೆ ಎಣಿಸುವ ನನ್ನ ಸೂತ್ರವೂ ಇಲ್ಲಿ ಕೈ ಕೊಡುತ್ತದೆ. ಎಲ್ಲರೂ ಎನ್ನದೆ ‘ಪ್ರತಿಯೊಬ್ಬನೂ ಇದ್ದನು’ ಎಂದು ಓದಿಕೊಳ್ಳಿ ಎಂದು ದಾಟಿಸುತ್ತೇನೆ.

ಕೊನೆಗೆ ಉಳಿಯುವುದು ‘ಇಫ್ ಐ ವರ್ ಯೂ’. ಐ ಜೊತೆಗೆ ವರ್ ಕಂಡು ಇದು ಅಚ್ಚಿನ ತಪ್ಪು ಎಂದು ತಿದ್ದಿ ತಂದವರೂ ಇದ್ದಾರೆ. ನಡೆಯದ ಮಾತನ್ನು ಊಹಿಸಿಕೊಂಡು ಆಡುವಾಗ ಇಂಗ್ಲಿಷ್ ಎಲ್ಲ ಸರ್ವನಾಮಗಳಿಗೂ ವರ್ ಹಾಕುತ್ತದೆ. ಕನ್ನಡದಲ್ಲೂ ನಾನು ಇದ್ದಿದ್ದರೆ, ನೀನು ಇದ್ದಿದ್ದರೆ, ಅವರು ಇದ್ದಿದ್ದರೆ ಎಂದು ರೂಪ ಒಂದೇ ಇರುವುದರಿಂದ ಇದನ್ನು ಅವರು ಬೇಗ ಒಪ್ಪುತ್ತಾರೆ. ‘ಇಫ್ ಐ ವಾಸ್’ ಎಂದು ಬರೆದವರಿಗೂ ನಾನು ಅಂಕ ಕಳೆಯುವುದಿಲ್ಲ, ಇಂಗ್ಲಿಷ್ ಮನೆಮಾತಿನವರೇ ಹಾಗೆ ಆಡುತ್ತಾರೆ.